ಕೋವಿಯ ಚೋಕು: ಬಳಕೆ ಮತ್ತು ಜೋಪಾನ



ಮಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ಗದ್ದೆಗೆ ಹಂದಿ, ತೋಟಕ್ಕೆ ಮಂಗ ಬರುವುದು ಹೊಸದಲ್ಲ. ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದ ಕೋವಿ ಹಲವು ಮನೆಗಳಲ್ಲಿದೆ. ಆದರೆ ನಳಿಗೆಯ ತುದಿಯಲ್ಲಿರುವ ಚೋಕಿನ ವಿಷಯ ತಿಳಿದವರು ಕಡಿಮೆ. ತಿಳಿಯದೆ ಬಳಸಿದರೆ ನಳಿಗೆ ಸಿಡಿದು ಕೈಬೆರಳು, ಕಣ್ಣು ಹೋದೀತು.

ಚೋಕು ಎಂದರೇನು?

12 ಬೋರಿನ ಕೋವಿಯ ನಳಿಗೆ ಒಳಗೆ ಸುಮಾರು 18.5 ಮಿಲಿಮೀಟರು ಅಗಲ. ಪೂರ್ಣ ಚೋಕಿನಲ್ಲಿ ಬಾಯಿಯ ಬಳಿ ಇದು ಸುಮಾರು 1 ಮಿಲಿಮೀಟರು ಕಿರಿದಾಗುತ್ತದೆ. ಆಗ ಚರೆಗಳು ಬೇಗ ಚದರದೆ ಒತ್ತಾಗಿ ಹೋಗುತ್ತವೆ. 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ, ಪೂರ್ಣ ಚೋಕಿನಿಂದ ನೂರಕ್ಕೆ ಸುಮಾರು 70, ಅರ್ಧ ಚೋಕಿನಿಂದ 60, ಚೋಕಿಲ್ಲದ ನಳಿಗೆಯಿಂದ 40 ಚರೆಗಳು ಬೀಳುತ್ತವೆ. ಚೋಕಿಲ್ಲದಿದ್ದರೆ ಅಪಾಯ ಕಡಿಮೆಯೆಂದು ತಿಳಿಯಬೇಡಿ. ದೊಡ್ಡ ಚರೆ ನೂರಾರು ಗಜ ಹಾರಬಲ್ಲದು.

ಹಳೆಯ ಜೋಡುನಳಿಗೆಯ ಕೋವಿಗಳಲ್ಲಿ ಚೋಕು ನಳಿಗೆಯಲ್ಲೇ ಸೇರಿರುತ್ತದೆ. ಹೊಸ ಕೆಲವು ಕೋವಿಗಳಲ್ಲಿ ಅದು ತಿರುಗಿಸಿ ತೆಗೆಯಬಹುದಾದ ಸಣ್ಣ ಕೊಳವೆ.

ಏನು ಮಾಡಬೇಕು?

1. ಚೋಕು ಮುಟ್ಟುವ ಮೊದಲು ಕೋವಿ ಮುರಿದು ತೋಟೆ ತೆಗೆಯಿರಿ. ನಳಿಗೆಯನ್ನು ಹಿಂಬದಿಯಿಂದಲೇ ನೋಡಿ. ಬಾಯಿಯ ಕಡೆಯಿಂದ ಎಂದೂ ಇಣುಕಬೇಡಿ.

2. ಕೊಳವೆಯನ್ನು ಅದರದೇ ಕೀಲಿಯಿಂದ ಪೂರ್ತಿ ಬಿಗಿಯಿರಿ. ಸಡಿಲವಾದರೆ ಚರೆ ಅದರ ಅಂಚಿಗೆ ಬಡಿದು ನಳಿಗೆ ಉಬ್ಬುತ್ತದೆ. ಕೊಳವೆ ಇಲ್ಲದೆ ಹಾರಿಸಿದರೆ ಮರೆಸುತ್ತು ಹಾಳಾಗುತ್ತದೆ.

3. ಪೂರ್ಣ ಚೋಕಿನ ನಳಿಗೆಯಲ್ಲಿ ಮನೆಯಲ್ಲಿ ಎರಕ ಹೊಯ್ದ ಒಂಟಿ ಗುಂಡು ಹಾಕಬೇಡಿ. ಅದು ಕಿರಿದಾದ ಬಾಯಿಯಲ್ಲಿ ಸಿಕ್ಕಿಕೊಂಡೀತು.

4. 20 ಬೋರಿನ ತೋಟೆ 12 ಬೋರಿನ ಜೊತೆ ಬೆರೆಯದಿರಲಿ. ಅದು ಒಳಗೆ ಜಾರಿ ನಿಲ್ಲುತ್ತದೆ. ಅದರ ಹಿಂದೆ 12 ಬೋರಿನ ತೋಟೆ ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ.

5. ಕಡಲ ಬದಿಯ ಉಪ್ಪುಗಾಳಿ, ಆಟಿಯ ಮಳೆ ಎರಡೂ ಕಬ್ಬಿಣಕ್ಕೆ ಶತ್ರು. ಮಳೆಗಾಲದಲ್ಲಿ ವಾರಕ್ಕೊಮ್ಮೆ ನಳಿಗೆ ಒರಸಿ ತೆಳುವಾಗಿ ಎಣ್ಣೆ ಸವರಿರಿ. ಕೊಳವೆ ಬಿಚ್ಚಿ ಮಸಿ ತೆಗೆದು, ಮರೆಗೆ ಸ್ವಲ್ಪ ಗ್ರೀಸು ಹಚ್ಚಿರಿ. ಬಿಚ್ಚದೆ ಬಿಟ್ಟರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ.

6. ಚುನಾವಣೆ ಕಾಲದಲ್ಲಿ ಆಜ್ಞೆಯಂತೆ ಠಾಣೆಗೆ ಒಪ್ಪಿಸಿದ ಕೋವಿ ಮರಳಿ ಬಂದಾಗ ಮೊದಲು ನಳಿಗೆ ಪರೀಕ್ಷಿಸಿ. ಬಹಳ ದಿನ ಇಟ್ಟ ನಳಿಗೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರಬಹುದು. ಅಷ್ಟು ಮಣ್ಣೇ ನಳಿಗೆ ಒಡೆಯಲು ಸಾಕು.

ಕಾನೂನು ಮರೆಯದಿರಿ

ನಳಿಗೆಯ ತುದಿ ಕೆಟ್ಟಿತೆಂದು ಗರಗಸ ಹಿಡಿಯಬೇಡಿ. ಅನುಮತಿಯಿಲ್ಲದೆ ನಳಿಗೆ ಮೋಟು ಮಾಡುವುದು 1959ರ ಆಯುಧ ಕಾಯ್ದೆಯಂತೆ ಅಪರಾಧ. ದುರಸ್ತಿಯನ್ನು ಲೈಸೆನ್ಸು ಇರುವ ಕೋವಿ ಅಂಗಡಿಯಲ್ಲೇ ಮಾಡಿಸಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ನಮಗಿಲ್ಲ. ಕೋವಿಯ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ. 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ಹಂದಿಯ ಕಾಟ ಹೆಚ್ಚಾದರೆ ಮೊದಲು ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೀಗ. ಮಕ್ಕಳ ಕೈಗೆ ಕೀಲಿ ಸಿಗದಿರಲಿ. ಹೋದ ಬೆಳೆ ಬರುವ ವರ್ಷ ಬಂದೀತು, ಹೋದ ಕಣ್ಣು ಬಾರದು.