ತಾಮ್ರದ ಕಾಸು ಹಾಕಿದರೆ ಉಪ್ಪುನೀರಿನ ಅಕ್ವೇರಿಯಂನ ಪಾಚಿ ಹೋಗುತ್ತದೆಯೇ?

ಫಿಶ್ ಟ್ಯಾಂಕ್‌ನಲ್ಲಿ ಪಾಚಿ ಕಟ್ಟಿದರೆ ಒಂದು ತಾಮ್ರದ ಕಾಸು ಹಾಕಿ, ನೀರು ತಿಳಿಯಾಗುತ್ತದೆ ಎಂಬ ಸಲಹೆ ನೀವೂ ಕೇಳಿರಬಹುದು. ಹವಳ ಸಾಕಿರುವ ಉಪ್ಪುನೀರಿನ ಟ್ಯಾಂಕ್ ಆಗಿದ್ದರೆ ಹಾಗೆ ಮಾಡಲೇಬೇಡಿ.

ಸಲಹೆ ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ತಾಮ್ರ ಪಾಚಿಯನ್ನು ಕೊಲ್ಲುತ್ತದೆ. ಜಲಾಶಯಗಳಲ್ಲಿ ಮೈಲುತುತ್ತ ಬಳಸುವುದು ಅದಕ್ಕೇ. ಆದರೆ ಹವಳ, ಸೀಗಡಿ, ಬಸವನಹುಳುಗಳಿಗೂ ಅದು ವಿಷ. ಮೀನಿನ ರೋಗಕ್ಕೆ ಲೀಟರಿಗೆ ಸುಮಾರು 0.2 ಮಿಲಿಗ್ರಾಂ ತಾಮ್ರ ಕೊಡುತ್ತಾರೆ. ಮೀನು ತಡೆದುಕೊಳ್ಳುವ ಆ ಪ್ರಮಾಣವೇ ಇವುಗಳ ಪ್ರಾಣ ತೆಗೆಯಬಲ್ಲದು. ಕಾಸು ಹೊರಗೆ ತೆಗೆದರೂ ಮುಗಿಯುವುದಿಲ್ಲ. ಕಲ್ಲು, ಮರಳು ಹೀರಿಕೊಂಡ ತಾಮ್ರ ನಿಧಾನವಾಗಿ ನೀರಿಗೆ ಮರಳುತ್ತಿರುತ್ತದೆ.

ಹಾಗಾದರೆ ಪಾಚಿ ಬರುವುದೇಕೆ? ಅದಕ್ಕೆ ಬೇಕಿರುವುದು ಬೆಳಕು, ನೈಟ್ರೇಟ್ ಮತ್ತು ಫಾಸ್ಫೇಟ್. ಹೆಚ್ಚಾಗಿ ಹಾಕಿದ ಆಹಾರದಿಂದ ಇವು ಬರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ನೀರಿನಿಂದಲೇ ಬರಬಹುದು ಎಂಬುದನ್ನು ಮಾತ್ರ ಮರೆಯುತ್ತೇವೆ.

ಹೊಸಕೋಟೆ ಅಂತರ್ಜಲವನ್ನು ಅತಿಯಾಗಿ ಬಳಸಿರುವ ತಾಲ್ಲೂಕುಗಳಲ್ಲಿ ಒಂದು. ಇಲ್ಲಿ ಅನೇಕ ಮನೆಗಳಿಗೆ ಬೋರ್‌ವೆಲ್ ನೀರೇ ಗತಿ. ಗೊಬ್ಬರ, ಚರಂಡಿ ನೀರು ಇಂಗುವ ಕಡೆ ಅಂತರ್ಜಲದಲ್ಲಿ ನೈಟ್ರೇಟ್ ಏರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನದಂಡ. ಹವಳದ ಟ್ಯಾಂಕ್‌ನಲ್ಲಿ ಅದು 10ರೊಳಗಿದ್ದರೆ ಒಳ್ಳೆಯದು. ಅಂದರೆ ನಾವು ಧೈರ್ಯವಾಗಿ ಕುಡಿಯುವ ನೀರು ಟ್ಯಾಂಕ್‌ಗೆ ಗೊಬ್ಬರವಾಗಬಹುದು!

ಒಂದು ಲೆಕ್ಕ ನೋಡಿ. 40 ಲೀಟರ್ ಟ್ಯಾಂಕ್‌ನಿಂದ ದಿನಕ್ಕೆ ಒಂದು ಲೀಟರ್ ಆವಿಯಾಗುತ್ತದೆ, ಅಷ್ಟೇ ನೀರು ತುಂಬಿಸುತ್ತೀರಿ ಎಂದುಕೊಳ್ಳಿ. ಆವಿಯಾಗುವುದು ನೀರು ಮಾತ್ರ, ನೈಟ್ರೇಟ್ ಉಳಿಯುತ್ತದೆ. ತುಂಬಿಸುವ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ಇದ್ದರೆ ತಿಂಗಳಿಗೆ ಟ್ಯಾಂಕ್‌ನ ಮಟ್ಟ ಸುಮಾರು 22 ಮಿಲಿಗ್ರಾಂ ಏರುತ್ತದೆ. ಅದರ ಒಂದು ಪಾಲನ್ನು ಪಾಚಿ ತಿಂದು ಕೊಬ್ಬುತ್ತದೆ.

ಮನೆಯ ಆರ್‌ಓ ನೀರು ಸಾಕಲ್ಲವೇ? ಅರ್ಧ ಪರಿಹಾರ. ರುಚಿಗೆಂದು ಕಚ್ಚಾ ನೀರು ಬೆರೆಸುವ ಟಿಡಿಎಸ್ ಕಂಟ್ರೋಲರ್ ಹಲವು ಯಂತ್ರಗಳಲ್ಲಿ ಇರುತ್ತದೆ. ಅದನ್ನು ಮುಚ್ಚಿಸಿ, ಮುಂದೆ ಡಿಐ ರೆಸಿನ್ ಜೋಡಿಸಿ, ಮೀಟರ್ ಸೊನ್ನೆ ತೋರಿಸಿದರೆ ಆ ನೀರು ಬಳಸಿ.

ಈಗಾಗಲೇ ಬೆಳೆದ ಪಾಚಿಗೆ ಕೈಯೇ ಒಳ್ಳೆಯ ಔಷಧಿ. ಕಲ್ಲನ್ನು ಟೂತ್‌ಬ್ರಷ್‌ನಿಂದ ಉಜ್ಜಿ, ಕಿತ್ತದ್ದನ್ನು ನೀರಿನ ಸಮೇತ ಪೈಪಿನಿಂದ ಹೊರಗೆಳೆಯಿರಿ. ವಾರಕ್ಕೊಮ್ಮೆ ಶೇ 10ರಷ್ಟು ನೀರು ಬದಲಿಸಿ, ಬೆಳಕನ್ನು ಎಂಟು ಗಂಟೆಗೆ ಇಳಿಸಿ. ಟರ್ಬೊ ಬಸವನಹುಳು ಒಂದೆರಡು ಇದ್ದರೆ ಉಳಿದದ್ದನ್ನು ಅವು ಮೇಯುತ್ತವೆ. ಫಲಿತಾಂಶಕ್ಕೆ ಕೆಲವು ವಾರ ಬೇಕು. ಅವಸರಪಟ್ಟು ಪೋಷಕಾಂಶವನ್ನು ಸೊನ್ನೆಗಿಳಿಸಿದರೆ ಹವಳ ಸೊರಗಿ, ಡೈನೊಫ್ಲಾಜೆಲೇಟ್ ಎಂಬ ಕಂದು ಲೋಳೆ ಹಬ್ಬಬಹುದು. ಅದು ಪಾಚಿಗಿಂತ ಹಟಮಾರಿ.

ಇನ್ನೊಂದು ಮಾತು. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದ ಬಳಿಯ ನೇತ್ರಾಣಿಯಿಂದಾಗಲಿ ಬೇರೆ ಯಾವುದೇ ಭಾರತೀಯ ಕಡಲಿನಿಂದಾಗಲಿ ಕಿತ್ತು ತಂದ ಹವಳ ಎಂದು ಯಾರಾದರೂ ಮಾರಲು ಬಂದರೆ, ಕೊಳ್ಳುವುದೂ ಅಪರಾಧ.