ಮೊಣಕಾಲಿನ ಕೃತಕ ಕೀಲು: ರೋಬೋಟ್ ಯಾವ ಗೆರೆಯನ್ನು ಅನುಸರಿಸುತ್ತದೆ?

ನನ್ನ ಅಕ್ಕನ ಎರಡೂ ಕಾಲುಗಳು ಬಾಲ್ಯದಿಂದಲೇ ಬಿಲ್ಲಿನಂತೆ ಕೊಂಚ ಹೊರಬಾಗಿದ್ದವು. ಸವದತ್ತಿ ತಾಲ್ಲೂಕಿನ ಎರೆಭೂಮಿಯಲ್ಲಿ ಐವತ್ತು ವರ್ಷ ಆ ಕಾಲುಗಳ ಮೇಲೆಯೇ ಅವಳು ಹತ್ತಿ ಬಿಡಿಸಿದಳು, ಜೋಳ ಕೊಯ್ದಳು, ಸೊಗಲದ ಜಾತ್ರೆಗೆ ನಡೆದು ಹೋದಳು. ಹತ್ತು ವರ್ಷಗಳ ಹಿಂದೆ ಬಲಮೊಣಕಾಲಿನ ಕೀಲನ್ನು ಬದಲಿಸಲಾಯಿತು. ನೋವು ಹೋಯಿತು, ಕಾಲು ನೂಲು ಹಿಡಿದಂತೆ ನೆಟ್ಟಗಾಯಿತು. ಮನೆಯವರೆಲ್ಲ ಹಿಗ್ಗಿದರು. ಅಕ್ಕ ಮಾತ್ರ, "ನೋವಿಲ್ಲಪಾ, ಆದ್ರ ಈ ಕಾಲು ನಂದು ಅನಸೂದಿಲ್ಲ" ಎಂದಳು. ವಯಸ್ಸಾದವರ ಗೊಣಗಾಟವೆಂದು ನಾನು ಅದನ್ನು ತಳ್ಳಿಹಾಕಿದೆ. ಕಳೆದ ವರ್ಷ ಎಡಗಾಲಿಗೆ ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆಯ ಸಲಹೆ ಬಂದಾಗ ಈ ವಿಷಯವನ್ನು ಓದತೊಡಗಿದೆ. ಅವಳ ಮಾತಿನಲ್ಲಿ ತಥ್ಯವಿದ್ದಿರಬಹುದೆಂದು ಆಗ ತೋರಿತು.

ಆಯುರ್ವೇದ ವೈದ್ಯನಿಗೆ ಇದರ ಗೊಡವೆಯೇಕೆಂದು ಕೆಲವರು ಕೇಳಬಹುದು. ಸಂಧಿಗತ ವಾತವನ್ನು ಚರಕಸಂಹಿತೆ ವರ್ಣಿಸಿದೆ. ಜಾನುಬಸ್ತಿ, ಸ್ನೇಹನ, ಸ್ವೇದನಗಳಿಂದ ಆರಂಭದ ಹಂತದಲ್ಲಿ ಅನೇಕರಿಗೆ ಉಪಶಮನವಾದುದನ್ನು ಕಂಡಿದ್ದೇನೆ. ಆದರೆ ಮೃದ್ವಸ್ಥಿ ಪೂರ್ಣ ಸವೆದು ಎಲುಬಿಗೆ ಎಲುಬು ತಾಗಿದ ಬಳಿಕ ಯಾವ ತೈಲವೂ ಅದನ್ನು ಮರಳಿ ತರಲಾರದು. ಅಂಥವರನ್ನು ಬೆಳಗಾವಿಗೋ ಹುಬ್ಬಳ್ಳಿಗೋ ಕಳಿಸುವುದೇ ನನ್ನ ಧರ್ಮ. ಕಿತ್ತೂರಿನ ರೈತರೂ ಕಾಲುಗುಣಿಯ ಮಗ್ಗದಲ್ಲಿ ಆಯುಷ್ಯ ಕಳೆದ ರಾಮದುರ್ಗದ ನೇಕಾರರೂ ಈಗ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ರೋಬೋಟ್ ಐತೇನ್ರಿ?" ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ.

ಸೊಂಟದ ಕೀಲಿನ ಮಧ್ಯದಿಂದ ಹರಡಿನ ಮಧ್ಯಕ್ಕೆ ಒಂದು ಗೆರೆ ಎಳೆದರೆ ಅದು ಮೊಣಕಾಲಿನ ನಟ್ಟನಡುವೆ ಹಾಯಬೇಕು. ಆ ಗೆರೆಗೆ 90 ಡಿಗ್ರಿಯಲ್ಲಿ ಎಲುಬುಗಳನ್ನು ಕತ್ತರಿಸಿ ಲೋಹದ ಭಾಗಗಳನ್ನು ಕೂಡಿಸಬೇಕು. ಇದು ಅಮೆರಿಕದ ಜಾನ್ ಇನ್ಸಾಲ್ ಮೊದಲಾದವರು ದಶಕಗಳ ಹಿಂದೆ ಬಳಕೆಗೆ ತಂದ ಯಾಂತ್ರಿಕ ಜೋಡಣೆ. ಭಾರವು ಒಳ-ಹೊರ ಬದಿಗಳಿಗೆ ಸಮವಾಗಿ ಹಂಚಿಹೋದರೆ ನಡುವಣ ಪ್ಲಾಸ್ಟಿಕ್ ಬೇಗ ಸವೆಯದು ಎಂಬುದು ಇದರ ತರ್ಕ. ಬಾಗಿದ ಕಾಲನ್ನು ಹೀಗೆ ನೆಟ್ಟಗೆ ಮಾಡಲು ಒಳಬದಿಯ ಬಿಗಿ ಅಸ್ಥಿರಜ್ಜುಗಳನ್ನು ಸಡಿಲಿಸಬೇಕಾಗುತ್ತದೆ.

ಆದರೆ ಎಲ್ಲರ ಕಾಲೂ ಹುಟ್ಟಾ ನೆಟ್ಟಗಿರುತ್ತದೆಯೇ? ಬೆಲ್ಜಿಯಂನ ಬೆಲ್ಲೆಮಾನ್ಸ್ ಮತ್ತು ಸಂಗಡಿಗರು ಯಾವ ನೋವೂ ಇಲ್ಲದ 250 ತರುಣ ತರುಣಿಯರ ಕಾಲುಗಳನ್ನು ಅಳೆದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪುರುಷರಲ್ಲಿ ಶೇ. 32, ಮಹಿಳೆಯರಲ್ಲಿ ಶೇ. 17 ಜನರಿಗೆ 3 ಡಿಗ್ರಿ ಅಥವಾ ಹೆಚ್ಚಿನ ಸ್ವಾಭಾವಿಕ ಹೊರಬಾಗು ಇತ್ತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅದು ವಿಕೃತಿಯಲ್ಲ, ಅವರ ಪ್ರಕೃತಿ.

ಈ ನೋಟದಿಂದ ಹುಟ್ಟಿದ್ದು ಅಮೆರಿಕದ ಸ್ಟೀಫನ್ ಹೋವೆಲ್ ಪ್ರಚುರಪಡಿಸಿದ ಇನ್ನೊಂದು ಪದ್ಧತಿ. ಸವೆತಕ್ಕೆ ಮುನ್ನ ಕೀಲಿನ ಮೇಲ್ಮೈ ಹೇಗಿತ್ತೋ ಹಾಗೆಯೇ ಅದನ್ನು ಮರಳಿ ನಿಲ್ಲಿಸುವುದು. ಸವೆದುಹೋದ ದಪ್ಪವನ್ನೂ ಕತ್ತರಿಸಿದ ದಪ್ಪವನ್ನೂ ಲೆಕ್ಕ ಹಾಕಿ ಅಷ್ಟನ್ನೇ ಲೋಹದಿಂದ ತುಂಬುವುದು. ಅಸ್ಥಿರಜ್ಜುಗಳನ್ನು ಸಾಧ್ಯವಾದಷ್ಟು ಮುಟ್ಟದಿರುವುದು. ಇದರ ಅಪಾಯವೂ ಉಂಟು. ವಿಪರೀತ ಬಾಗಿದ ಕಾಲನ್ನು ಹಾಗೆಯೇ ಉಳಿಸಿದರೆ ಒಳಬದಿಗೆ ಭಾರ ಹೆಚ್ಚಿ ಕೃತಕ ಕೀಲು ಸಡಿಲಾದೀತೆಂಬ ಭಯವಿದೆ. ಆದ್ದರಿಂದಲೇ ಹಲವರು ಬಾಗಿಗೆ ಒಂದು ಮಿತಿ ಹಾಕಿಕೊಂಡು ಮಧ್ಯಮಾರ್ಗ ಹಿಡಿಯುತ್ತಾರೆ. ರಜ್ಜುಗಳ ಬಿಗಿತವನ್ನು ಮೊದಲೇ ಅಳೆದು, ಅದಕ್ಕೆ ಒಗ್ಗುವಂತೆ ಲೋಹದ ಭಾಗಗಳನ್ನು ಒಂದೆರಡು ಡಿಗ್ರಿ ಆಚೀಚೆ ಹೊರಳಿಸುವ ಪದ್ಧತಿ ಇಂಥದು.

ರೋಬೋಟ್ ಉಪಯುಕ್ತವಾಗುವುದು ಇಲ್ಲಿ. ಎಲುಬಿಗೆ ಸಣ್ಣ ಮೊಳೆಗಳನ್ನು ನೆಟ್ಟು ಗುರುತುಗಳನ್ನು ಕಟ್ಟುತ್ತಾರೆ, ಕ್ಯಾಮೆರಾ ಅವುಗಳ ಚಲನೆಯನ್ನು ಗಮನಿಸುತ್ತದೆ. ಕೆಲವು ಯಂತ್ರಗಳಿಗೆ ಮುಂಚಿತವಾಗಿ ಸಿ.ಟಿ. ಸ್ಕ್ಯಾನ್ ಬೇಕು, ಕೆಲವಕ್ಕೆ ಬೇಡ. ಹಲವು ಯಂತ್ರಗಳಲ್ಲಿ ಗರಗಸ ಹಿಡಿದು ನಡೆಸುವವರು ಶಸ್ತ್ರವೈದ್ಯರೇ. ಗೊತ್ತುಪಡಿಸಿದ ಎಲ್ಲೆ ಮೀರಿದರೆ ಯಂತ್ರದ ತೋಳು ತಡೆಯುತ್ತದೆ. ಕತ್ತರಿಸುವ ಮೊದಲೇ ಪರದೆಯ ಮೇಲೆ ಡಿಗ್ರಿಗಳನ್ನು ಬದಲಿಸಿ ನೋಡಬಹುದು. ಆದರೆ ಯಾವ ಗೆರೆಯನ್ನು ಹಿಡಿಯಬೇಕೆಂದು ಯಂತ್ರವು ನಿರ್ಧರಿಸದು. ತಪ್ಪು ಗೆರೆ ಕೊಟ್ಟರೆ ಅದನ್ನೂ ಅಷ್ಟೇ ಕರಾರುವಾಕ್ಕಾಗಿ ಕತ್ತರಿಸುತ್ತದೆ!

ದಕ್ಷಿಣ ಕೊರಿಯಾದಲ್ಲಿ ಹತ್ತು ವರ್ಷ ಮೀರಿ ರೋಗಿಗಳನ್ನು ಅನುಸರಿಸಿದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ರೋಬೋಟ್ ಮತ್ತು ಸಾಮಾನ್ಯ ಶಸ್ತ್ರಚಿಕಿತ್ಸೆಗಳ ನಡುವೆ ಕಾಲಿನ ಉಪಯೋಗದಲ್ಲಾಗಲಿ ಕೀಲಿನ ಬಾಳಿಕೆಯಲ್ಲಾಗಲಿ ಅಂತರ ಕಾಣಲಿಲ್ಲ. ಅಲ್ಲಿ ಬಳಸಿದ್ದು ಹಳೆಯ ಬಗೆಯ ಯಂತ್ರವೆಂಬುದು ನಿಜ. ಆದರೂ ರೋಬೋಟಿಗಾಗಿ ಹೊಲ ಒತ್ತೆಯಿಡುವ ಮಾತು ಬಂದರೆ ನಾನು ಬೇಡವೆನ್ನುತ್ತೇನೆ. ಅನುಭವಿ ವೈದ್ಯರ ಕೈ ಸಾಕು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂ. ಮಿತಿ ವಿಧಿಸಿತು. ಆ ಮಿತಿ ಕೀಲಿಗೆ ಮಾತ್ರ, ಯಂತ್ರದ ಶುಲ್ಕಕ್ಕಲ್ಲ. ಎರಡನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿರಿ.

ಅಕ್ಕ ಈ ಬಾರಿ ವೈದ್ಯರನ್ನು ತಾನೇ ಕೇಳಿದಳು: "ನನ್ನ ಕಾಲಿನ ಬಾಗು ಎಷ್ಟು ಉಳಸ್ತೀರಿ?" ಆ ವೈದ್ಯರು ಬೇಸರಿಸದೆ ಪರದೆ ತೋರಿಸಿ, ಸವೆತದಿಂದ ಹೆಚ್ಚಿದ ಬಾಗನ್ನು ತೆಗೆದು ಹುಟ್ಟಿನಿಂದ ಬಂದದ್ದರಲ್ಲಿ ಸುಮಾರು 3 ಡಿಗ್ರಿ ಬಿಡುವೆನೆಂದರು. ಎಂಟು ತಿಂಗಳಾದವು. ಎಡಗಾಲು ತನ್ನದೇ ಅನಿಸುತ್ತದೆ ಎನ್ನುತ್ತಾಳೆ. ಒಬ್ಬಳ ಅನುಭವ ಶಾಸ್ತ್ರವಾಗದು. ವೈದ್ಯರೂ ಬೇರೆ, ಕಾಲವೂ ಬೇರೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವುದನ್ನು ಮಾತ್ರ ಎರಡೂ ಬಾರಿ ಬಿಡಿಸಿದರು. ರೊಟ್ಟಿಯನ್ನು ಈಗ ಕಟ್ಟೆಯ ಮೇಲೆ ನಿಂತು ಬಡಿಯುತ್ತಾಳೆ. ಇಷ್ಟಲಿಂಗ ಪೂಜೆಗೆ ಪಡಸಾಲೆಯಲ್ಲಿ ಒಂದು ಕುರ್ಚಿ ಹಾಕಿಸಿಕೊಂಡಿದ್ದಾಳೆ.