ಮಳೆಗೆ ಸೋತ ಕೋಟೆ

ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಪ್ರಾಂತದಲ್ಲಿ, ಟೀನ್ ನದಿಯ ಕಮರಿಯ ಮೇಲಕ್ಕೆ ಚಾಚಿಕೊಂಡ ಬಂಡೆಯೊಂದರ ನೆತ್ತಿಯಲ್ಲಿ, ಕ್ಯಾಸಲ್ ಡ್ರೋಗೊ ಎಂಬ ಕಟ್ಟಡವಿದೆ. ದೂರದಿಂದ ನೋಡಿದವರು ಅದನ್ನು ಮಧ್ಯಯುಗದ ಕೋಟೆಯೆಂದೇ ತಿಳಿಯುವರು. ಎತ್ತರವಾದ ಗ್ರಾನೈಟ್ ಗೋಡೆಗಳು, ಬುರುಜುಗಳು, ಗೋಡೆಯ ತಲೆಯಲ್ಲಿ ತೆನೆಗಳು, ಹೆಬ್ಬಾಗಿಲಲ್ಲಿ ಮೇಲಕ್ಕೂ ಕೆಳಕ್ಕೂ ಸರಿಯುವ ಜಾಲರಿಯ ಕದ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಇದಕ್ಕೆ ಅಸ್ತಿಭಾರದ ಕಲ್ಲನ್ನು ಇಟ್ಟದ್ದು 1911ರಲ್ಲಿ. ಕೆಲಸ ಮುಗಿದದ್ದು 1930ರಲ್ಲಿ. ಯಾವ ವೈರಿಯೂ ಇದನ್ನು ಮುತ್ತಲಿಲ್ಲ. ಒಳಕ್ಕೆ ನುಗ್ಗಿದ್ದು ಮಳೆಯ ನೀರೊಂದೇ. ಕೆಲವೆಡೆ ಆರು ಅಡಿ ದಪ್ಪವಿರುವ ಕಲ್ಲುಗೋಡೆಯ ಮನೆ ಮೊದಲಿನಿಂದಲೂ ಸೋರತೊಡಗಿದ್ದೇಕೆ? ಇದು ವಾಸ್ತುಶಿಲ್ಪದ ಪ್ರಶ್ನೆಯೆನ್ನುವುದಕ್ಕಿಂತ ಭೌತಶಾಸ್ತ್ರದ ಪ್ರಶ್ನೆಯೆನ್ನುವುದೇ ಹೆಚ್ಚು ಸರಿಯೆಂದು ನಮಗೆ ತೋರುತ್ತದೆ.

ಮನೆಯ ಒಡೆಯರಾದ ಜೂಲಿಯಸ್ ಡ್ರೂ ಚಹ ಮತ್ತು ದಿನಸಿಯ ವ್ಯಾಪಾರಿ. 1883ರಲ್ಲಿ ಪಾಲುದಾರರೊಡನೆ ತೆರೆದ ಅಂಗಡಿ ಮುಂದೆ ‘ಹೋಮ್ ಅಂಡ್ ಕಲೋನಿಯಲ್ ಸ್ಟೋರ್ಸ್’ ಎಂಬ ದೊಡ್ಡ ಸಂಸ್ಥೆಯಾಗಿ, ಮೂವತ್ತಮೂರನೆಯ ವಯಸ್ಸಿಗೇ ಅವರು ವ್ಯವಹಾರದಿಂದ ನಿವೃತ್ತರಾಗುವಷ್ಟು ಸಂಪತ್ತನ್ನು ತಂದಿತು. ಸಂಪತ್ತು ಬಂದ ಮೇಲೆ ವಂಶದ ಹಿರಿಮೆಯೂ ಬೇಕಾಗುವುದು ಲೋಕರೂಢಿ. ಹಿಂದೆ ಈ ಸೀಮೆಯನ್ನು ಆಳಿದ ಡ್ರೋಗೊ ಎಂಬ ನಾರ್ಮನ್ ಪಾಳೆಯಗಾರನ ಸಂತತಿ ತಾವೆಂದು ಡ್ರೂ ನಂಬಿದರು. ಹತ್ತಿರದ ಡ್ರೂಸ್‌ಟೀನ್‌ಟನ್ ಎಂಬ ಹಳ್ಳಿಗೆ ಆ ಪಾಳೆಯಗಾರನಿಂದಲೇ ಹೆಸರು ಬಂದಿತ್ತು. ಪೂರ್ವಿಕನ ನೆಲದಲ್ಲಿ ಪೂರ್ವಿಕನಿಗೆ ತಕ್ಕ ಕೋಟೆಯನ್ನೇ ಕಟ್ಟಬೇಕೆಂದು ಅವರು ಎಡ್ವಿನ್ ಲುಟಿಯನ್ಸರನ್ನು ಕರೆಸಿದರು. ಕೋಟೆಗೆ ಬದಲು ಸೊಗಸಾದ ಒಂದು ಮನೆಯನ್ನು ಕೇಳಿದ್ದರೆ ಚೆನ್ನಾಗಿತ್ತೆಂಬುದು ವಾಸ್ತುಶಿಲ್ಪಿಯ ಮನಸ್ಸಿನಲ್ಲಿದ್ದರೂ ಕೆಲಸವನ್ನು ಒಪ್ಪಿಕೊಂಡರು. ನಡುವೆ ಮಹಾಯುದ್ಧ ಬಂದಿತು. ಹಿರಿಯ ಮಗ ಏಡ್ರಿಯನ್ 1917ರಲ್ಲಿ ರಣರಂಗದಲ್ಲಿ ಮಡಿದನು. ಯೋಜನೆ ಕುಗ್ಗುತ್ತ ಬಂದು, ಮೊದಲು ಬರೆದ ನಕ್ಷೆಯ ಸುಮಾರು ಮೂರನೆಯ ಒಂದು ಪಾಲು ಮಾತ್ರ ಮೇಲೆದ್ದಿತು. ಮನೆ ಪೂರ್ಣವಾದ ಮರುವರ್ಷವೇ, 1931ರಲ್ಲಿ, ಡ್ರೂ ತೀರಿಕೊಂಡರು.

ಈಗ ನೀರಿನ ವಿಚಾರಕ್ಕೆ ಬರೋಣ. ಮೊದಲು ಗೋಡೆ. ಗ್ರಾನೈಟ್ ಶಿಲೆಯ ಮೂಲಕ ನೀರು ಇಳಿಯುವುದು ಅತ್ಯಲ್ಪ. ಅದರಲ್ಲಿ ರಂಧ್ರಗಳೇ ಕಡಮೆ. ಆದರೆ ಗೋಡೆಯೆಂಬುದು ಒಂದೇ ಕಲ್ಲಲ್ಲ, ಸಾವಿರಾರು ಕಲ್ಲುಗಳ ಜೋಡಣೆ. ಕಲ್ಲಿಗೂ ಗಾರೆಗೂ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ನೀರಿನ ಮೇಲ್ಮೈ ಕರ್ಷಣ ಅದನ್ನು ಒಳಕ್ಕೆಳೆಯುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವಂತೆಯೇ ಇದೂ. ವಿಜ್ಞಾನದಲ್ಲಿ ಇದನ್ನು ಕೇಶಾಕರ್ಷಣವೆನ್ನುತ್ತಾರೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಗಲದ ಬಿರುಕಿನಲ್ಲಿ ನೀರು ಸುಮಾರು 15 ಸೆಂಟಿಮೀಟರ್ ಎತ್ತರಕ್ಕೆ ಏರಬಲ್ಲುದೆಂದು ಲೆಕ್ಕ ಹೇಳುತ್ತದೆ. ಬಿರುಕು ಒಂದು ಮಿಲಿಮೀಟರ್ ಅಗಲವಾದರೆ ಏರಿಕೆ ಒಂದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಕಣ್ಣಿಗೆ ಕಾಣದ ಬಿರುಕೇ ಹೆಚ್ಚು ಎಳೆಯುವುದೆಂಬುದು ಗಮನಾರ್ಹ.

ಕೇಶಾಕರ್ಷಣ ಬಿರುಕನ್ನು ತುಂಬುತ್ತದೆಯೇ ಹೊರತು, ನೀರನ್ನು ಆಚೆಯ ಬದಿಯಿಂದ ಹೊರಕ್ಕೆ ಸುರಿಯುವುದಿಲ್ಲ. ಆ ಕೆಲಸಕ್ಕೆ ಒತ್ತಡ ಬೇಕು, ಅದನ್ನು ಗಾಳಿ ಒದಗಿಸುತ್ತದೆ. ಸೆಕೆಂಡಿಗೆ 30 ಮೀಟರ್ ವೇಗದ ಬಿರುಗಾಳಿ ಗೋಡೆಗೆ ಅಪ್ಪಳಿಸಿದಾಗ ಉಂಟಾಗುವ ಒತ್ತಡ ಐದೂವರೆ ಸೆಂಟಿಮೀಟರ್ ನೀರಿನ ಕಂಬಕ್ಕೆ ಸಮ. ಡಾರ್ಟ್‌ಮೂರ್ ಎತ್ತರನಾಡಿನ ಅಂಚಿನ ಈ ತೆರೆದ ನೆತ್ತಿಯಲ್ಲಿ ಮಳೆ ನೆಟ್ಟಗೆ ಬೀಳುವುದಕ್ಕಿಂತ ಅಡ್ಡಡ್ಡವಾಗಿ ಬೀಸುವುದೇ ಹೆಚ್ಚು. ಸಾಮಾನ್ಯ ಕಟ್ಟಡಗಳಲ್ಲಿ ಕಿಟಕಿಯ ಕೆಳಗೆ ಕಲ್ಲಿನ ಹಾಸು ಮುಂದಕ್ಕೆ ಚಾಚಿರುತ್ತದೆ. ಅದರ ತಳದಲ್ಲಿ ಕೊರೆದ ಗೀರು, ಕಲ್ಲಿಗಂಟಿ ಹರಿಯುವ ನೀರನ್ನು ತಡೆದು ತೊಟ್ಟಿಕ್ಕಿಸುತ್ತದೆ. ಗೋಡೆಯ ರೇಖೆಗಳ ನಯಕ್ಕೆ ಭಂಗ ಬಾರದಿರಲೆಂದು ಲುಟಿಯನ್ಸರು ಡ್ರೋಗೊದಲ್ಲಿ ಈ ಹಾಸುಗಳನ್ನು ಬಿಟ್ಟುಬಿಟ್ಟರು. ಅದೇ ವರ್ಷಗಳಲ್ಲಿ ಅವರೇ ದೆಹಲಿಯಲ್ಲಿ ವೈಸರಾಯರ ನಿವಾಸವನ್ನು, ಇಂದಿನ ರಾಷ್ಟ್ರಪತಿ ಭವನವನ್ನು, ಕಟ್ಟಿಸುತ್ತಿದ್ದರು. ಅಲ್ಲಿ ಬಿಸಿಲಿಗೂ ಮಳೆಗೂ ಅಡ್ಡವಾಗಿ ಉದ್ದಕ್ಕೂ ಛಜ್ಜ ಚಾಚಿದೆ. ಭಾರತದ ಶಿಲ್ಪಿಗಳು ಶತಮಾನಗಳಿಂದ ಬಲ್ಲ ಆ ಉಪಾಯವನ್ನು ದೆಹಲಿಯಲ್ಲಿ ಬಳಸಿದವರು ತಮ್ಮ ದೇಶದ ಮಳೆಯ ನಾಡಿನಲ್ಲಿ ಗೋಡೆಯನ್ನು ಬೋಳಾಗಿ ಬಿಟ್ಟರೆಂಬುದು ವಿಚಿತ್ರವೇ ಸರಿ.

ಗೋಡೆ ಟೊಳ್ಳಾಗಿರಕೂಡದು, ಗಟ್ಟಿಯಾದ ಕಲ್ಲಿನದೇ ಆಗಿರಬೇಕೆಂಬುದು ಡ್ರೂ ಅವರ ಹಟ. ಎರಡು ಪದರಗಳ ನಡುವೆ ತೆರಪು ಬಿಟ್ಟು ಕಟ್ಟಿದ ಗೋಡೆಯಲ್ಲಿ, ಹೊರಪದರವನ್ನು ದಾಟಿದ ನೀರು ತೆರಪಿನಲ್ಲಿ ಕೆಳಗಿಳಿದುಹೋಗುತ್ತದೆ. ಗಟ್ಟಿ ಗೋಡೆಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಇದಲ್ಲದೆ ಆರು ಅಡಿ ಕಲ್ಲನ್ನು ದಾಟಲು ಶಾಖಕ್ಕೆ ಹೆಚ್ಚುಕಡಮೆ ಒಂದು ತಿಂಗಳು ಬೇಕು. ಹೊರಗೆ ವಸಂತ ಬಂದು ಗಾಳಿ ಬೆಚ್ಚಗೂ ತೇವವಾಗಿಯೂ ಆದಾಗ, ಇಂಥ ಗೋಡೆಯ ಒಳಮೈ ಇನ್ನೂ ಚಳಿಗಾಲದಲ್ಲೇ ಇರುತ್ತದೆ. ಆಗ ಗಾಳಿಯಲ್ಲಿನ ಆವಿ ತಣ್ಣನೆಯ ಲೋಟದ ಮೇಲೆ ಹನಿಗಟ್ಟುವಂತೆ ಗೋಡೆಯ ಮೇಲೆ ಹನಿಗಟ್ಟುತ್ತದೆ.

ಆದರೂ ಮುಖ್ಯ ಅಪರಾಧಿ ಗೋಡೆಯಲ್ಲ, ಮಾಡು. ತೆನೆಗಳ ಹಿಂದೆ ಲುಟಿಯನ್ಸರು ಮಟ್ಟಸವಾದ ತಾರಸಿಗಳನ್ನು ಹಾಕಿ, ಆ ಕಾಲಕ್ಕೆ ಹೊಸದಾಗಿದ್ದ ಆಸ್ಫಾಲ್ಟನ್ನು ಹೊದಿಸಿದರು. ನಿಜವಾದ ಮಧ್ಯಯುಗದ ಕೋಟೆಗಳಲ್ಲಿ ತೆನೆಗಳ ಮರೆಯಲ್ಲಿ ಇಳಿಜಾರಾದ, ಸೀಸದ ತಗಡನ್ನೋ ಕಲ್ಲಿನ ಹಲಗೆಯನ್ನೋ ಹೊದಿಸಿದ ಮಾಡು ಅಡಗಿರುತ್ತಿದ್ದುದುಂಟು. ಹೊರನೋಟವನ್ನು ಅಷ್ಟು ನಿಷ್ಠೆಯಿಂದ ಅನುಸರಿಸಿದವರು ಕಣ್ಣಿಗೆ ಬೀಳದ ಈ ಇಳಿಜಾರನ್ನು ಅನುಸರಿಸಲಿಲ್ಲ. ಇಳಿಜಾರಿನಲ್ಲಿ ನೀರು ಕ್ಷಣಗಳಲ್ಲಿ ಹರಿದುಹೋಗುತ್ತದೆ. ತಾರಸಿಯ ತಗ್ಗಿನಲ್ಲಿ ದಿನಗಟ್ಟಲೆ ನಿಂತು, ಪ್ರತಿ ಬಿರುಕನ್ನೂ ಬಿಡದೆ ಒತ್ತುತ್ತಿರುತ್ತದೆ. ಬಿರುಕುಗಳಂತೂ ಬಂದೇ ಬರುತ್ತವೆ. ಇಪ್ಪತ್ತು ಮೀಟರ್ ಉದ್ದದ ಗ್ರಾನೈಟ್ ಗೋಡೆ, ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಬದಲಾದರೆ, ಆರು ಮಿಲಿಮೀಟರಿಗೂ ಮಿಕ್ಕಿ ಹಿಗ್ಗುತ್ತದೆ ಇಲ್ಲವೆ ಕುಗ್ಗುತ್ತದೆ. ಆಸ್ಫಾಲ್ಟ್ ಇದಕ್ಕಿಂತ ಹೆಚ್ಚು ಹಿಗ್ಗಿ ಕುಗ್ಗುವ ವಸ್ತು. ಬಿಸಿಲಿಗೆ ಮೆತ್ತಗಾಗಿ, ಚಳಿಗೆ ಪೆಡಸಾಗುತ್ತದೆ. ಗೋಡೆಯೂ ತಾರಸಿಯೂ ಕೂಡುವ ಮೂಲೆಯಲ್ಲಿ ಒಂದು ಒಂದೆಡೆಗೆ, ಇನ್ನೊಂದು ಇನ್ನೊಂದೆಡೆಗೆ ಎಳೆದಾಡಿ, ಪೆಡಸಾದ ಹೊದಿಕೆ ಅಲ್ಲಿಯೇ ಸೀಳುತ್ತದೆ. ಲುಟಿಯನ್ಸರನ್ನು ಪೂರ್ತಿ ದೂರುವಂತಿಲ್ಲ: ಹತ್ತಾರು ಚಳಿಗಾಲಗಳನ್ನು ಕಂಡ ಆಸ್ಫಾಲ್ಟ್ ಹೇಗೆ ವರ್ತಿಸುವುದೆಂಬ ಅನುಭವ ಆಗ ಯಾರಿಗಿತ್ತು?

1974ರಲ್ಲಿ ಡ್ರೂ ಮನೆತನದವರು ಈ ಕೋಟೆಯನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣ ಸಂಸ್ಥೆಗೆ ಒಪ್ಪಿಸಿದರು. ತೇಪೆಗಳಿಂದ ಪ್ರಯೋಜನವಾಗದೆ, 2013ರಲ್ಲಿ ದೊಡ್ಡ ದುರಸ್ತಿ ಮೊದಲಾಗಿ ಹಲವು ವರ್ಷ ನಡೆಯಿತು. ಸುಮಾರು 900 ಕಿಟಕಿಗಳ ಹದಿಮೂರು ಸಾವಿರದಷ್ಟು ಗಾಜಿನ ಬಿಲ್ಲೆಗಳನ್ನು ಸರಿಪಡಿಸಬೇಕಾಯಿತು. ತಾರಸಿಗೆ, ಶಾಖದ ಏರಿಳಿತಕ್ಕೆ ಹರಿಯದೆ ಬಾಗಿ ಹಿಗ್ಗಬಲ್ಲ ಹೊಸ ಹೊದಿಕೆಯನ್ನು ಹಾಸಿದರು. ಅದನ್ನು ಗೋಡೆಯ ಅಂಚಿಗೆ ತಂದು ನಿಲ್ಲಿಸಿದರೆ ಹಳೆಯ ಮೂಲೆಯೇ ಮತ್ತೆ ಸೀಳುವುದಷ್ಟೆ. ಆದುದರಿಂದ ಅಂಚಿನ ಕಲ್ಲುಗಳ ಅಡಿಯಲ್ಲೇ ಅದನ್ನು ತೂರಿಸಬೇಕಾಗಿತ್ತು. ಅದಕ್ಕಾಗಿ ಎರಡು ಸಾವಿರಕ್ಕೂ ಹೆಚ್ಚು ಗ್ರಾನೈಟ್ ಕಲ್ಲುಗಳನ್ನು, ಒಟ್ಟು 680 ಟನ್ನುಗಳಷ್ಟನ್ನು, ಕಳಚಿ ಕೆಳಗಿಳಿಸಿ, ಹೊದಿಕೆ ಹಾಸಿದ ಮೇಲೆ ಮರಳಿ ಕೂರಿಸಿದರು. ಕೆಳಗೆ ನಿಂತು ನೋಡುವವರಿಗೆ ತೆನೆಗಳ ಸಾಲು ಮೊದಲಿದ್ದಂತೆಯೇ ಕಾಣುತ್ತದೆ.